ಫ್ಯೂಚುರಾಮ ಮೀಮಾಂಸೆ: ರದ್ದಾದ ಆಟ ರದ್ದಾಗದಿರುವ ಬಗೆ

ಹಂಪಿಯ ಹಜಾರ ರಾಮ ಗುಡಿಯ ‘ಹಜಾರ’ ಎಂಬ ಪದದ ಬಗ್ಗೆ ವಿದ್ವಾಂಸರಲ್ಲಿ ವ್ಯಾಜ್ಯವಿದೆ. ಸಾವಿರ ಎಂದು ಒಂದು ಪಕ್ಷ, ಅರಮನೆಯ ಮೊಗಸಾಲೆ ಎಂದು ಇನ್ನೊಂದು. ಪ್ರಸ್ತುತ ಪ್ರಬಂಧಕಾರನು ಎರಡಕ್ಕೂ ಕೈಮುಗಿದು ಮೂರನೆಯದನ್ನು ಮಂಡಿಸುತ್ತಾನೆ: ಅದು ಕಂತುಗಳ ಲೆಕ್ಕ. ಗೋಡೆಯ ಮೇಲೆ ರಾಮಾಯಣ ಚೌಕ ಚೌಕವಾಗಿ, ಸಾಲು ಸಾಲಾಗಿ ಓಡುತ್ತದೆ. ಚಿತ್ರ ಅಲುಗುವುದಿಲ್ಲ, ನೋಡುವವನೇ ಪ್ರದಕ್ಷಿಣೆ ಹಾಕಬೇಕು. ಕರೆಂಟಿನ ಹಂಗಿಲ್ಲದ ಅನಿಮೇಷನ್.

ಈ ಪರಂಪರೆಯ ಅಮೆರಿಕದ ಶಾಖೆಯೇ ಫ್ಯೂಚುರಾಮ ಎಂಬ ಟೀವಿ ಕಾರ್ಟೂನ್. ‘ರಾಮ’ ಸ್ಪಷ್ಟವಾಗಿಯೇ ಇದೆ. ‘ಫ್ಯೂಚು’ ಎಂದರೆ ಇನ್ನೂ ಬರಬೇಕಾದ. ಅದರ ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್ ಹೀಗೆ ಎಲ್ಲೂ ಹೇಳಿಲ್ಲ ಎಂಬ ಆಕ್ಷೇಪಕ್ಕೆ ಸಮಾಧಾನ: ಹಜಾರ ರಾಮದ ಶಿಲ್ಪಿಯೂ ಏನೂ ಹೇಳಿಲ್ಲ.

ಇತಿಹಾಸ ಹೀಗಿದೆ. ಕಥೆಯಲ್ಲಿ ಪಿಜ್ಜಾ ಹಂಚುವ ಹುಡುಗನೊಬ್ಬ 1999ರ ಕೊನೆಯ ರಾತ್ರಿ ಹೆಪ್ಪುಗಟ್ಟಿ, ಸಾವಿರ ವರ್ಷದ ನಂತರ ಏಳುತ್ತಾನೆ. (ಸಾವಿರ! ಮೊದಲ ಪಕ್ಷದವರು ಗಮನಿಸಬೇಕು.) 1999ರ ಮಾರ್ಚ್ 28ರಂದು ಫಾಕ್ಸ್‌ನಲ್ಲಿ ಆಟ ಶುರುವಾಯಿತು, 2003ರಲ್ಲಿ ನಿಂತಿತು. 2007ರಿಂದ 2009ರವರೆಗೆ ನಾಲ್ಕು ಡಿವಿಡಿ ಚಿತ್ರಗಳಾಗಿ ಉಸಿರಾಡಿತು. 2010ರಲ್ಲಿ ಕಾಮಿಡಿ ಸೆಂಟ್ರಲ್‌ನಲ್ಲಿ ಎದ್ದು 2013ರಲ್ಲಿ ಮತ್ತೆ ಮಲಗಿತು. 2023ರ ಜುಲೈ 24ರಂದು ಹುಲು ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಕಣ್ಣುಬಿಟ್ಟಿತು. ಹುಲುಮಾನವರಾದ ನಮಗೆ ಆ ಹೆಸರಿನ ತತ್ತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕಂತು ಇದೆಯೋ ಇಲ್ಲವೋ ತಿಳಿಯದೆ ಬರೆದವರು ನಾಲ್ಕು ಸಲ ಮಂಗಳ ಹಾಡಿ ಮುಗಿಸಿದ್ದಾರೆ. ನಾಲ್ಕು ಸಲವೂ ಪ್ರೇಕ್ಷಕರು ಕಣ್ಣೊರೆಸಿಕೊಂಡು ಎದ್ದಿದ್ದಾರೆ, ಮತ್ತೆ ಬಂದು ಕೂತಿದ್ದಾರೆ.

ಈಗ ನಿರ್ಣಾಯಕ ಸಾಕ್ಷ್ಯ. ಫಾಕ್ಸ್‌ನಲ್ಲಿ ಕೊನೆಯ ಕಂತು ಬಂದದ್ದು ಆಗಸ್ಟ್ 10ರಂದು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದೂ ಆಗಸ್ಟ್ 10ರ ರಾತ್ರಿಯೇ, 2024ರಲ್ಲಿ. ಇದನ್ನು ಕಾಕತಾಳೀಯ ಎನ್ನುವವರು ಕಾಲುವೆಯ ನೀರು ಉಂಡವರಲ್ಲ. ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿದರು. ಅದಕ್ಕೆ ಸ್ಟಾಪ್‌ಲಾಗ್ ಎನ್ನುತ್ತಾರೆ. ಹುಲು ಕೂಡ ಒಂದು ಸ್ಟಾಪ್‌ಲಾಗ್ ಎಂಬುದೇ ನಮ್ಮ ಸಿದ್ಧಾಂತ: ನೀರು ನಿಂತಿದೆ, ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ, ಎಷ್ಟು ದಿನ ಎಂದು ಕೇಳುವುದು ಮಾತ್ರ ಸಭ್ಯತೆಯಲ್ಲ.

ಈ ಸೀಮೆಗೆ ರದ್ದತಿ ಹೊಸದಲ್ಲ. 1565ರಲ್ಲಿ ರದ್ದಾದ ರಾಜಧಾನಿ ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಮರುಪ್ರಸಾರಕ್ಕೆ ಬಂತು. ನಡುವಿನ 421 ವರ್ಷ ಜಾಹೀರಾತಿನ ವಿರಾಮ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿಯೂ ಮರಳಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಎಂಬ ಹಳೆಯ ವಾಹಿನಿಯಲ್ಲೇ ಉಳಿದವು. ಸಂಡೂರಿನ ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿ, ಆಮೇಲೆ ಹಂತಹಂತವಾಗಿ ಬಿಟ್ಟಿತು. ಕಂಪ್ಲಿಯ ಸೇತುವೆ, ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟಾಗೆಲ್ಲ ಮುಳುಗಿ ಮತ್ತೆ ತೇಲುತ್ತದೆ.

ಆದರೆ ಫ್ಯೂಚುರಾಮದ ನಿಜವಾದ ದಾಯಾದಿ ತೊಗಲುಗೊಂಬೆ. ಅದನ್ನು ಆಡಿಸುವವರಿಗೆ ಗೊಂಬೆರಾಮರೆಂಬ ಹೆಸರೂ ಉಂಟು, ರಾಮಸಾಕ್ಷಿ ಇಲ್ಲಿಗೆ ಮೂರಾಯಿತು. ಹದ ಮಾಡಿ ಬಣ್ಣ ಹಚ್ಚಿದ ಚರ್ಮ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೊಂದು ಗೊಂಬೆ. ನಡುವೆ ನುಗ್ಗುವ ಕಿಳ್ಳೇಕ್ಯಾತ ಹೊಟ್ಟೆಬಾಕ, ಬಾಯಿ ಹೊಲಸು, ಸಭೆಯ ಹಂಗಿಲ್ಲ. ಬಿಯರ್ ಕುಡಿದು ಓಡಾಡುವ ಫ್ಯೂಚುರಾಮದ ಬೆಂಡರ್ ಎಂಬ ಯಂತ್ರಮಾನವ ಅವನದೇ ತಗಡಿನ ಅವತಾರ. ಕಿಳ್ಳೇಕ್ಯಾತನ ಹೆಂಡತಿ ಬಂಗಾರಕ್ಕನಂಥವಳು ಜೊತೆಗಿಲ್ಲದ್ದರಿಂದ ಇನ್ನಷ್ಟು ಕೆಟ್ಟಿದ್ದಾನೆ, ಅಷ್ಟೆ.

ತೊಗಲುಗೊಂಬೆಯ ಆಟವನ್ನು ಯಾವ ವಾಹಿನಿಯೂ ರದ್ದು ಮಾಡಲಿಲ್ಲ. ಸಿನಿಮಾ ಬಂತು, ಟೀವಿ ಬಂತು, ಮುಂದೆ ಕೂತವರು ಎದ್ದು ಹೋದರು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧಿಯನ್ನೇ ತೊಗಲಿನಲ್ಲಿ ತಂದು ಹೊಸ ಸೀಸನ್ ತೆರೆದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ, 2025ರಲ್ಲಿ, ವಯಸ್ಸು 96. ಫ್ಯೂಚುರಾಮದವರ ಬಳಿ ಗೊಂಬೆಗಳಿವೆ, ದೀಪ ಮಾತ್ರ ಪರರ ಮನೆಯದು. ಅವರು ಆರಿಸಿದರೆ ಕತ್ತಲೆ. ನಮ್ಮಲ್ಲಿ ದೀಪವೂ ಮನೆಯದೇ, ಪೆಟ್ಟಿಗೆಯೂ ಮನೆಯದೇ. ಕೂರುವವರನ್ನು ಎಲ್ಲಿಂದ ತರುವುದು ಎಂಬಲ್ಲಿ ಪ್ರಬಂಧಕಾರನ ಪಾಂಡಿತ್ಯ ತೊದಲುತ್ತದೆ.

ಕ್ಷೇತ್ರಕಾರ್ಯಕ್ಕೆಂದು ಹಂಪಿಯ ವಿರೂಪಾಕ್ಷ ಗುಡಿಗೆ ಹೋದೆ. ಅಲ್ಲಿ ಸಣ್ಣ ಕಿಂಡಿಯಿಂದ ಬೆಳಕು ನುಗ್ಗಿ ಒಳಗಿನ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ವಾಹಿನಿಯಿಲ್ಲ, ಚಂದಾ ಇಲ್ಲ. ನಾನು ಟಿಪ್ಪಣಿ ಪುಸ್ತಕ ಬಿಚ್ಚಿ, ಸೂಕ್ಷ್ಮವಾಗಿ ನೋಡಲು ಕಿಂಡಿಯ ಹತ್ತಿರ ಸರಿದೆ. ಗೋಪುರ ಮಾಯವಾಯಿತು.

“ಏ ಅಣ್ಣಾ, ನೀವ್ ಅಡ್ಡ ನಿಂತೀರಿ ನೋಡ್ರಿ,” ಎಂದಳು ಹಿಂದಿನ ಹುಡುಗಿ. “ಸ್ವಲ್ಪ ಸರೀರಿ.”

ಸರಿದೆ. ಮತ್ತೆ ಬಂತು.