ತಳಲೇಪ ಮೀಮಾಂಸೆ: ಒಂದು ಉತ್ತರ ಬೆಂಗಳೂರೀಯ ಅನುಸಂಧಾನ

ಗೋಚರ ಮತ್ತು ಅಗೋಚರಗಳ ದ್ವಂದ್ವಾತ್ಮಕ ಸಂಕಥನವನ್ನೇ ಲೋಕರೂಢಿಯಲ್ಲಿ ಬಣ್ಣ ಹೊಡೆಯುವುದು ಎನ್ನುತ್ತಾರೆ. ಈ ಪ್ರಮೇಯವನ್ನು ಹೆಬ್ಬಾಳ, ಯಲಹಂಕ, ಯಶವಂತಪುರಗಳ ಭಿತ್ತಿಪಠ್ಯಗಳ ಹಿನ್ನೆಲೆಯಲ್ಲಿ ಮರುಓದಿಗೆ ಒಡ್ಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ತಳಲೇಪವು, ಎಂದರೆ ಮೇಲಿನ ಕೋಟಿಗೆ ಮುನ್ನ ಬೀಳುವ ಕಾಣದ ಪದರವು, ಐದು ವಿಧ: ಗಾರೆಯವರ ಭಿತ್ತಿಪೂರ್ವಕ, ಪೇಂಟರುಗಳ ವರ್ಣಪೂರ್ವಕ, ಡಾಂಬರಿನವರ ಮಾರ್ಗಪೂರ್ವಕ, ಆರ್.ಟಿ. ನಗರದ ಪಾರ್ಲರುಗಳ ನಖಪೂರ್ವಕ, ಮತ್ತು ಎಲ್ಲಿಯೂ ಬಳಿಯದೆ ಬಿಲ್ಲಿನಲ್ಲಷ್ಟೇ ಪ್ರಕಟಗೊಳ್ಳುವ ಪತ್ರಪೂರ್ವಕ. ತಳಲೇಪವು ತನ್ನ ಅಸ್ಮಿತೆಯನ್ನು ಮೇಲಿನ ಕೋಟಿಗೆ ಒಪ್ಪಿಸಿ ಅನಾಮಿಕವಾಗುತ್ತದೆ. ಹಾಗಾಗಿಯೇ ಅದನ್ನು ನುಂಗಿದವರು ಮಳೆಗಾಲದವರೆಗೆ ಸಿಕ್ಕಿಬೀಳುವುದಿಲ್ಲ. ನಮ್ಮ ಸಿದ್ಧಾಂತ ಇಷ್ಟೇ: ದುಡ್ಡು ಕೊಡುವವರು ಎದುರಿಗೆ ಕೂತಿದ್ದರೆ ಮಾತ್ರ ತಳಲೇಪ ಬೀಳುತ್ತದೆ.

ಆಧಾರಗಳನ್ನು ನೋಡೋಣ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಬಿಸಿಲಿಗೆ ಒಂದೇ ಸಮನೆ ಹಿಗ್ಗುವುದಿಲ್ಲ. ಆದ್ದರಿಂದ ಪ್ಲಾಸ್ಟರಿಂಗಿಗೆ ಮೊದಲು ಎರಡರ ಸಂದಿಗೆ ಚಿಕನ್ ಮೆಶ್ ಬಡಿಯಬೇಕು, ನುಣುಪು ಕಾಂಕ್ರೀಟಿಗೆ ಕಚ್ಚು ಹಾಕಬೇಕು, ಆಮೇಲೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಹಸಿ ಸಿಮೆಂಟಿನ ಪಿಎಚ್ 12 ದಾಟಿರುತ್ತದೆ. ಆ ಕ್ಷಾರ ತಣಿಯುವ ಮುನ್ನ ಆಯಿಲ್ ಪೇಂಟ್ ಬಳಿದರೆ ಪೇಂಟಿನ ಎಣ್ಣೆಯೇ ಸಾಬೂನಾಗಿ ಪದರ ಕಳಚುತ್ತದೆ. ಕ್ಷಾರ ತಡೆಯುವ ಪ್ರೈಮರ್ ಇರುವುದು ಇದಕ್ಕೇ. ರಸ್ತೆಯಲ್ಲಿ ಜಲ್ಲಿ ಹಾಸಿನ ಮೇಲೆ ಪ್ರೈಮ್ ಕೋಟ್ ಸಿಂಪಡಿಸಿ 24 ಗಂಟೆ ಬಿಡಬೇಕು, ಹಳೇ ಡಾಂಬರಿನ ಮೇಲಾದರೆ ಟ್ಯಾಕ್ ಕೋಟ್ ಬೇಕು. ಗುಡಿಸದ ಧೂಳಿನ ಮೇಲೆ ಸುರಿದ ಡಾಂಬರು ಮಳೆಗೆ ಹಪ್ಪಳದಂತೆ ಏಳುತ್ತದೆ. ಇನ್ನು ನಖಪೂರ್ವಕ: ಗಾಢ ಬಣ್ಣದ ಕಲೆ ಉಗುರಿಗೆ ಇಳಿಯದಂತೆ ಬೇಸ್ ಕೋಟ್ ತಡೆಯುತ್ತದೆ. ಗಿರಾಕಿ ಕೈ ಚಾಚಿ ಎದುರಿಗೇ ಕೂತಿರುವುದರಿಂದ ಅಲ್ಲಿ ಅದು ತಪ್ಪುವುದು ಕಷ್ಟ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಬಹುದು. ಐದಕ್ಕೂ ತಾತ್ಪರ್ಯ ಒಂದೇ.

ಗಟ್ಟಿಯಾಗಿರುವ ಹಳೇ ಬಣ್ಣಕ್ಕೆ ಮತ್ತೆ ಪ್ರೈಮರ್ ಏಕೆ ಎಂಬುದು ಮೊದಲ ಪೂರ್ವಪಕ್ಷ. ಒಪ್ಪಿದೆವು, ಗಟ್ಟಿಯಾಗಿದ್ದರೆ ಬೇಡ. ಆದರೆ ಗಟ್ಟಿಯೋ ಅಲ್ಲವೋ ಎಂದು ಕೆರೆದು ನೋಡುವವರು ಯಾರು? ಸಮಯವಿಲ್ಲ ಎಂಬುದು ಎರಡನೆಯದು. ಸಿಮೆಂಟಿಗೆ ಪೂರ್ತಿ ಬಲ ಬರಲು 28 ದಿನವೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ, ಪಂಚಾಂಗ ಹಿಡಿಯುವುದಿಲ್ಲ. ಗೃಹಪ್ರವೇಶದ ಮುಹೂರ್ತ ಗೋಡೆ ಒಣಗಲಿ ಎಂದು ಕಾಯುವುದಿಲ್ಲ. ಊರಿಗೂ ಇಂಥದೇ ಮುಹೂರ್ತವಿದೆ. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರ್ ಶೋ ನಡೆಯುತ್ತದೆ. ಅತಿಥಿಗಳು ಬರುವ ಹೊತ್ತಿಗೆ ಬಳ್ಳಾರಿ ರಸ್ತೆಯ ಮೀಡಿಯನ್ ಕಲ್ಲುಗಳು ಹೊಸ ಬಣ್ಣ ಉಡುತ್ತವೆ, ಒಮ್ಮೊಮ್ಮೆ ಧೂಳಿನ ಸಮೇತ. ಆ ಬಣ್ಣಕ್ಕೆ ತೆರಿಗೆ ಕಟ್ಟಿದವರು ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಬ್ರಷ್ಷಿನ ಮುಂದೆ ಕೂರಲು ಅವರಿಗೆ ಪುರಸೊತ್ತಿಲ್ಲ.

ಸಂಕಥನ, ಪ್ರಮೇಯಗಳೆಲ್ಲ ಸಾಕು. ಬಾಡಿಗೆದಾರ ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ಪದ್ಧತಿ. ಆ ದುಡ್ಡಿನಲ್ಲಿ ಪ್ರೈಮರ್ ಬಿತ್ತೋ, ಹಸಿ ಏರಿದ ಗೋಡೆಯ ಮೇಲೆ ಒಂದೇ ಕೋಟ್ ಡಿಸ್ಟೆಂಪರ್ ಬಿತ್ತೋ, ಕೊಟ್ಟವನು ನೋಡುವುದಿಲ್ಲ. ಬೂಷ್ಟಿನ ಜೊತೆ ಬಾಳುವವನು ಮುಂದಿನ ಬಾಡಿಗೆದಾರ. ಬಿಡುವಾಗ ಅವನೂ ಕೊಡುತ್ತಾನೆ. ಇದನ್ನು ಕಳ್ಳತನ ಎಂದರೆ ಶಾಸ್ತ್ರಕ್ಕೆ ಭಂಗವೇನೂ ಇಲ್ಲ. ಅದಕ್ಕೂ ಕೆಳಗಿನ ಪದರ ರಾಯಚೂರು, ಯಾದಗಿರಿಯಿಂದ ಗುಳೆ ಬಂದ ಕೂಲಿಯವರದು. ಅವರು ಒಣಗಿದ ಪುಟ್ಟಿಯನ್ನು ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ ಉಜ್ಜಿ ನಯ ಮಾಡುತ್ತಾರೆ, ಆ ಪುಡಿಯನ್ನೇ ಉಸಿರಾಡುತ್ತಾರೆ, ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಮೇಲಿನ ಕೋಟಿಗೆ ಶೇಡ್ ಕಾರ್ಡು ಹಿಡಿದು ವಾರಗಟ್ಟಲೆ ಚರ್ಚಿಸುವ ನಾವು ಅವರ ಮಾಸ್ಕಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಮುಂದಿನ ಎಸ್ಟಿಮೇಟಿನಲ್ಲಿ ಮೊದಲ ಸಾಲು ಅವರ ಮಾಸ್ಕಿನದಾಗಲಿ, ಎರಡನೆಯದು ಪ್ರೈಮರಿನದು. ಬಣ್ಣದ ಹೆಸರು ಆಮೇಲೆ ಬರೆಯೋಣ.