ಪರದೇಶದಲ್ಲಿ ಪರೋಪಕಾರ

ನಿವೃತ್ತನಾದ ಗಂಡಸಿಗೆ ಇರುವುದು ಎರಡೇ ಕೆಲಸ: ತರಕಾರಿ ತರುವುದು, ಇಲ್ಲವೇ ಲೋಕೋದ್ಧಾರ. ಬದನೆಕಾಯಿಯೊಳಗೆ ಹುಳ ಇದೆಯೋ ಇಲ್ಲವೋ ಎಂದು ಹೊರಗಿನಿಂದಲೇ ಹೇಳುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಹಾಗಾಗಿ ಲೋಕೋದ್ಧಾರವನ್ನೇ ಹಿಡಿದೆ.

ಲೋಕ ಅಂದರೆ ಸದ್ಯಕ್ಕೆ ನೇಪಾಳ. ಆಫ್ರಿಕಾವೂ ಮನಸ್ಸಿನಲ್ಲಿತ್ತು. ಆದರೆ ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ, ಅಲ್ಲಿ ಎರಡು ಹೊತ್ತೂ ಅನ್ನ, ಬೇಳೆ ಸಿಗುತ್ತದೆ. ತ್ಯಾಗಕ್ಕೂ ಒಂದು ಮಿತಿ ಬೇಕಲ್ಲ!

ಸೇವೆಗೆ ಕರೆದೊಯ್ಯುವ ಸಂಸ್ಥೆಯೊಂದು ಡಾಲರಿನಲ್ಲಿ ಶುಲ್ಕ ಕೇಳಿತು. ಹೆಂಡತಿಗೆ ಹೇಳಿದೆ.

"ಬಿಟ್ಟಿ ದುಡಿಯೋಕೆ ನಾವೇ ದುಡ್ಡು ಕೊಡ್ಬೇಕಾ? ಹಾಗಿದ್ರೆ ಇಲ್ಲೇ ಪಾತ್ರೆ ತಿಕ್ಕಿ, ನಾನು ಕಮ್ಮಿ ತಗೋತೀನಿ" ಅಂದಳು.

ಅಷ್ಟಕ್ಕೇ ಬಿಡದೆ ಕೆಳಗಿಳಿದು ಹೋಗಿ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನನ್ನು ವಿಚಾರಿಸಿದಳು. ಅವನ ಊರು ನೇಪಾಳದ ದೂರ ಪಶ್ಚಿಮದ ಅಛಾಮ್ ಜಿಲ್ಲೆ. ಅವರೂರಿನ ಶಾಲೆಗೆ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದರಂತೆ. ಅಮ್ಮನಿಗೆ ಫೋನ್ ಮಾಡಿ ಅವನು ನಮ್ಮ ವಸತಿ ಗೊತ್ತುಮಾಡಿಯೇಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಮೇಡಂ, ಸಾರ್ ಅಲ್ಲಿ ಏನ್ ಕೆಲಸ ಮಾಡ್ತಾರೆ?"

"ಅದನ್ನ ನೋಡೋಕೇ ನಾನೂ ಹೊರಟಿದ್ದೀನಪ್ಪ."

ಬನ್‌ಬಸಾದಲ್ಲಿ ಗಡಿ ದಾಟಿದ ಮೇಲೆ ಬೆಟ್ಟದ ತಿರುವು ಶುರು. ಒಂದೊಂದು ತಿರುವಿನಲ್ಲೂ ಹೊಟ್ಟೆಯಲ್ಲಿದ್ದದ್ದನ್ನು ನೇಪಾಳಕ್ಕೆ ದಾನ ಮಾಡುತ್ತ ಸಾಗಿದೆ. ಎದುರಿನಿಂದ ಬರುವ ಬಸ್ಸುಗಳ ತುಂಬ ಹುಡುಗರು. ಎಲ್ಲರೂ ನಾನು ಬಿಟ್ಟುಬಂದ ಕಡೆಗೇ ಹೊರಟವರು. ಆ ಕಡೆಯ ಗಂಡಸರು ತಲೆಮಾರುಗಳಿಂದ ಭಾರತಕ್ಕೆ ದುಡಿಯಲು ಬರುತ್ತಿದ್ದಾರೆ. ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣವೇ ನೇಪಾಳದ ಜಿಡಿಪಿಯ ಕಾಲುಭಾಗದಷ್ಟಾಗುತ್ತದೆ. ಇಂಥ ದೇಶಕ್ಕೆ ನಾನು ತಂದಿದ್ದು ಎರಡು ಮಂಡಿ. ಅದರಲ್ಲೂ ಎಡಗಡೆಯದು ಅಷ್ಟಕ್ಕಷ್ಟೆ.

ಊರಿನಲ್ಲಿ ಇದ್ದವರು ಹೆಂಗಸರು, ಮಕ್ಕಳು, ಮುದುಕರು. ಹೆಂಗಸರು ಕಲ್ಲನ್ನು ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿ ತುಂಬಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊತ್ತು ಏರು ಹತ್ತುತ್ತಿದ್ದರು. ನಾನೂ ಹಣೆ ಕೊಟ್ಟೆ. ಬುಟ್ಟಿ ಇದ್ದಲ್ಲೇ ಇತ್ತು, ನಾನು ಕೂತುಬಿಟ್ಟಿದ್ದೆ. ನನ್ನದೇ ವಯಸ್ಸಿನ, ವಾಚ್‌ಮನ್ನನ ತಾಯಿ, ಎಲ್ಲರೂ ಆಮಾ ಅನ್ನುವ ಆಕೆ, ನನ್ನ ಬುಟ್ಟಿಯನ್ನೂ ಹೊತ್ತು, ದಾರಿಗೆಂದು ನಾನು ತಂದಿದ್ದ ನೀರಿನ ಬಾಟಲಿಯನ್ನೂ ಎತ್ತಿಕೊಂಡು ನಡೆದರು.

ಹೊರುವುದು ಬೇಡ, ಕಟ್ಟುವುದಾದರೂ ಇರಲಿ ಎಂದು ಗೋಡೆಗೆ ಕೈಹಾಕಿದೆ. ಪಿಪ್ಪಾ ಬಿಡಲ್ ಎಂಬ ಅಮೆರಿಕದ ಯುವತಿ 2014ರಲ್ಲಿ ಬರೆದಿದ್ದಳು: ತಾಂಜಾನಿಯಾದಲ್ಲಿ ತಾನೂ ಗೆಳತಿಯರೂ ಹಗಲು ಕಟ್ಟಿದ ಗೋಡೆಯನ್ನು ಊರಿನ ಗಂಡಸರು ರಾತ್ರಿ ಕೆಡವಿ, ಸರಿಯಾಗಿ ಕಟ್ಟಿ, ಇವರಿಗೆ ಗೊತ್ತಾಗದಂತೆ ನೋಡಿಕೊಳ್ಳುತ್ತಿದ್ದರಂತೆ. ನಮ್ಮ ಮೇಸ್ತ್ರಿಗೆ ಅಷ್ಟೊಂದು ದಾಕ್ಷಿಣ್ಯವಿರಲಿಲ್ಲ. ಹಗಲಲ್ಲೇ, ನನ್ನ ಕಣ್ಣೆದುರೇ ಕೆಡವಿದ.

"ನಮ್ಮ ವಿಮಾನದ ಟಿಕೆಟ್ ದುಡ್ಡು ಅವನ ಕೈಗೆ ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಗೋಡೆ ಮುಗಿದು ಗೇಟೂ ಬಂದಿರೋದು ಕಣ್ರೀ" ಎಂದಳು ಹೆಂಡತಿ. ಇವಾನ್ ಇಲಿಚ್ ಎಂಬ ಪಾದ್ರಿ 1968ರಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ಸೇವಾಕಾಂಕ್ಷಿ ವಿದ್ಯಾರ್ಥಿಗಳಿಗೆ ಹೇಳಿದ್ದೂ ಇಂಥದ್ದೇ: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ. ನನ್ನ ಹೆಂಡತಿ ಇಲಿಚ್‌ನನ್ನು ಓದಿದವಳಲ್ಲ. ಅವಳಿಗೆ ನಾನೊಬ್ಬನೇ ಸಾಕು.

ಅವಳೂ ಆಮಾ ಅವರೂ ಟೀವಿ ಧಾರಾವಾಹಿಯ ಹಿಂದಿಯಲ್ಲಿ ರಾತ್ರಿಯೆಲ್ಲ ಮಾತಾಡಿದರು. ಮಗ ಊರಿಗೆ ಬಂದು ವರ್ಷಗಳೇ ಆಗಿದ್ದವು. ಕೇಳಿದರೆ ರಜೆ ಇಲ್ಲ ಅನ್ನುತ್ತಾನಂತೆ. ಆಮಾ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಗೇಟು ಅಷ್ಟು ದೊಡ್ಡದಾ?"

ಇಡೀ ಪ್ರವಾಸದಲ್ಲಿ ನನ್ನನ್ನು ಕೇಳಿದ ಸಹಾಯ ಅದೊಂದೇ.

ಬೆಂಗಳೂರಿಗೆ ಬಂದೆವು. ಅಸೋಸಿಯೇಷನ್ ಮೀಟಿಂಗಿನಲ್ಲಿ ನನ್ನ ನೇಪಾಳದ ಫೋಟೋಗಳಿಗೆ ಚಪ್ಪಾಳೆ ಬಿತ್ತು. ವಾಚ್‌ಮನ್ನನಿಗೆ ದಶೈಂ ಹಬ್ಬಕ್ಕೆ, ಅಂದರೆ ನಮ್ಮ ದಸರೆಯ ಹೊತ್ತಿಗೆ, ಸಂಬಳಸಹಿತ ರಜೆ ಕೊಡೋಣ ಎಂದೆ. ಚಪ್ಪಾಳೆ ನಿಂತಿತು. "ಕೊಡಬಹುದು, ಆದರೆ ಗೇಟು ಕಾಯೋರು ಯಾರು?" ಎಂದರು ಕಾರ್ಯದರ್ಶಿಗಳು.

ಹಿಂದಿನ ಸಾಲಿನಿಂದ ನನ್ನ ಹೆಂಡತಿಯ ದನಿ: "ಇವರಿದ್ದಾರಲ್ಲ. ಬಿಟ್ಟಿ ಕೆಲಸದ ಅನುಭವ ಇದೆ."

ದಸರೆ ಮುಗಿಯುವವರೆಗೂ ಗೇಟಿನಲ್ಲಿ ನಾನೇ. ಸಂಜೆಯಾದರೆ ಅಛಾಮಿನಿಂದ ಫೋನು: "ಸಾರ್, ಮೋಟರ್ ಆಫ್ ಮಾಡಿದ್ರಾ?" ನಾನು ಓಡುವಷ್ಟರಲ್ಲಿ ಟ್ಯಾಂಕು ತುಂಬಿ ಕಾರುಗಳಿಗೆಲ್ಲ ಸ್ನಾನವಾಗಿರುತ್ತಿತ್ತು. ಒಂದು ಸಂಜೆ ಅವನೇ ಹುರುಪಿನಿಂದ ಹೇಳಿದ: "ಸಾರ್, ಸ್ಕೂಲ್ ಗೋಡೆ ನೋಡ್ದೆ. ಎಷ್ಟು ಗಟ್ಟಿಯಾಗಿ ಕಟ್ಟಿದ್ದೀರಾ!"

ನಾನು ವಿನಯದಿಂದ "ಅಯ್ಯೋ, ಅದೇನು ಮಹಾ" ಎನ್ನುತ್ತಿದ್ದಂತೆ ಹೆಂಡತಿ ಫೋನು ಕಿತ್ತುಕೊಂಡಳು.