ಉಸ್ತುವಾರಿ ಭಾವ: ಒಂದು ಲಕ್ಷಣ ನಿರೂಪಣೆ

ದೀಪಾವಳಿಯನ್ನು ದೊಡ್ಡಹಬ್ಬವೆಂದು ಕರೆಯುವ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ, ಹಬ್ಬದ ಮೂರು ನಾಲ್ಕು ದಿನಗಳ ಮಟ್ಟಿಗೆ ತಪ್ಪದೆ ಕಾಣಿಸಿಕೊಳ್ಳುವ ವ್ಯಕ್ತಿಗಳ ಪೈಕಿ ‘ಉಸ್ತುವಾರಿ ಭಾವ’ನು ಪ್ರತ್ಯೇಕ ಅಧ್ಯಯನಕ್ಕೆ ಅರ್ಹನಾಗಿದ್ದಾನೆ. ಯಾವ ಕೆಲಸಕ್ಕೂ ಕೈ ಹಾಕದೆ, ಎಲ್ಲ ಕೆಲಸಗಳ ಪಕ್ಕದಲ್ಲೂ ನಿಂತು, ಅದು ಹೇಗೆ ಆಗಬೇಕಾಗಿತ್ತೆಂಬುದನ್ನು ಆದ ಮೇಲೆ ತಿಳಿಸುವವನು ಎಂಬುದು ಇವನ ಸ್ಥೂಲವಾದ ಲಕ್ಷಣ.

ಇವನು ಸಾಮಾನ್ಯವಾಗಿ ಮನೆಯ ಹಿರಿಯ ಮಗಳನ್ನು ಮದುವೆಯಾಗಿ ಬೆಂಗಳೂರಿನಲ್ಲಿ ನೆಲೆಸಿದವನಾಗಿರುತ್ತಾನೆ. ಹಿರಿಯ ಅಳಿಯನೆಂಬ ಸ್ಥಾನವು ಅವನಿಗೆ ಒಂದು ಬಗೆಯ ರಕ್ಷಣೆಯನ್ನು ಒದಗಿಸುತ್ತದೆ. ಭಾವಮೈದುನರು ಅವನನ್ನು ‘ಭಾವಯ್ಯ’ನೆಂದು ಬಹುವಚನದಲ್ಲಿ ಮಾತನಾಡಿಸುವುದರಿಂದಲೂ, ಅತ್ತೆಯವರು ನೇರವಾಗಿ ಏನನ್ನೂ ಕೇಳದೆ, “ಅಳಿಯಂದಿರಿಗೆ ಇನ್ನೊಂದು ಲೋಟ ಕಾಫಿ ಬೇಕೇನೋ ಕೇಳೇ” ಎಂದು ಮಗಳ ಮೂಲಕವೇ ವಿಚಾರಿಸುವುದರಿಂದಲೂ, ಆ ಬಾಳೆಗೊನೆಯನ್ನು ಸ್ವಲ್ಪ ಈಚೆ ಇಡಿ ಎಂದು ಅವನಿಗೆ ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಹೇಳಬಲ್ಲ ಒಬ್ಬಾಕೆ, ಅಂದರೆ ಅವನ ಹೆಂಡತಿ, ಬಂದಿಳಿದ ಗಳಿಗೆಯಿಂದ ಅಡಿಗೆಮನೆಯಲ್ಲಿ ಸೌತೆಕಾಯಿ ತುರಿಯುತ್ತಿರುತ್ತಾಳೆ.

ರಜೆಗಳ ಜೋಡಣೆಯು ಈ ಭಾವನ ಮೊದಲ ಪರಿಣತಿ. ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಸರ್ಕಾರಿ ರಜೆಯಿದ್ದು, ನಡುವಿನ ಅಮಾವಾಸ್ಯೆಯ ದಿನಕ್ಕೆ ಸ್ವಂತ ರಜೆ ಹಾಕಬೇಕಾಗಿ ಬರುವುದು ಅವನ ಪಾಲಿಗೆ ಬಹುಕಾಲದ ಅನ್ಯಾಯವಾಗಿದ್ದು, 2024ರಲ್ಲಿ ಅಕ್ಟೋಬರ್ 31ರ ಗುರುವಾರ ಚತುರ್ದಶಿಯೂ, ನವೆಂಬರ್ 1ರಂದು ಕನ್ನಡ ರಾಜ್ಯೋತ್ಸವವೂ, 2ರ ಶನಿವಾರ ಬಲಿಪಾಡ್ಯಮಿಯೂ, 3ರಂದು ಭಾನುವಾರವೂ ಸಾಲಾಗಿ ಬಂದಾಗ, ಪಂಚಾಂಗವನ್ನು ತಾನೇ ತಿದ್ದಿಸಿದಷ್ಟು ಹೆಮ್ಮೆಯಿಂದ ಅವನು ಊರಿಗೆ ಬಂದಿಳಿದನು. ಇಳಿದವನ ಮೊದಲ ಪ್ರವಚನ ರಸ್ತೆಯನ್ನು ಕುರಿತದ್ದು: ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯ 206 ಎಂಬ ಹಳೆಯ ಸಂಖ್ಯೆ ಬದಲಾದುದು, ಅರಸೀಕೆರೆ ಕಡೂರುಗಳ ನಡುವೆ ತಾನು ಉಳಿಸಿದ ಸಮಯ, ಮುಂದಿನ ಸಲ ಉಳಿದವರು ಹೊರಡಬೇಕಾದ ವೇಳೆ ಇವೆಲ್ಲವೂ ಅದರಲ್ಲಿ ಅಡಕವಾಗಿರುತ್ತವೆ.

ಚತುರ್ದಶಿಯ ನಸುಕಿನ ಎಣ್ಣೆಸ್ನಾನವು ಅವನ ಆಡಳಿತ ಸಾಮರ್ಥ್ಯಕ್ಕೆ ಒದಗುವ ಮೊದಲ ಅವಕಾಶ. ಹಿಂದಿನ ಸಂಜೆ, ಅಂದರೆ ನೀರು ತುಂಬುವ ಹಬ್ಬದಂದು, ಹೆಂಗಸರು ಹಂಡೆಯನ್ನು ತಿಕ್ಕಿ ತೊಳೆದು, ಹಿಂಡಲಕಾಯಿಯ ಬಳ್ಳಿ ಸುತ್ತಿ, ನೀರು ತುಂಬಿಸಿರುತ್ತಾರೆ. ಇಪ್ಪತ್ತು ಜನರಿಗೆ ಒಂದೇ ಬಚ್ಚಲಿರುವ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಿದ ಭಾವನು ರಾತ್ರಿಯೇ ವೇಳಾಪಟ್ಟಿಯೊಂದನ್ನು ಸಿದ್ಧಪಡಿಸಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತಾನೆ. ವ್ಯವಸ್ಥೆ ಸರಿಯಿದೆಯೇ ಎಂದು ಪರೀಕ್ಷಿಸುವ ಸಲುವಾಗಿ ಮೊದಲ ಸ್ನಾನವನ್ನು ತಾನೇ ಮಾಡಿ, ಅರ್ಧ ಹಂಡೆ ಖಾಲಿ ಮಾಡಿ ಹೊರಬಂದು, ಒಲೆಗೆ ಸೌದೆ ಒಟ್ಟುತ್ತಿರುವ ಕಿರಿಯ ಭಾವಮೈದುನನಿಗೆ ಸೋಲಾರ್ ಹಾಕಿಸುವುದರ ಅನುಕೂಲಗಳನ್ನು ವಿವರಿಸುತ್ತಾನೆ.

ತೋಟವು ಅವನ ಎರಡನೆಯ ಕಾರ್ಯಕ್ಷೇತ್ರ. ಮಳೆಗಾಲದಲ್ಲಿ ಅಡಿಕೆಗೊನೆಯನ್ನು ಕೊಳೆಯಿಸಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಬಹುಕಾಲದಿಂದ ನಡೆದುಬಂದ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಅದರ ಲೆಕ್ಕ ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಮುಂಗಾರಿಗೆ ಮುಂಚೆ ಒಮ್ಮೆಯೂ, ಅನಂತರ ಬಿಡುವು ನೋಡಿಕೊಂಡು ಮತ್ತೊಮ್ಮೆಯೂ ಹೊಡೆಯಬೇಕಾದ ಈ ಮದ್ದಿನ ವಿಷಯವನ್ನು, ಮಳೆ ಮುಗಿದು, ಮರವೇರಿ ಗೊನೆ ಇಳಿಸುವ ಕೊನೆಗೌಡನು ಇವತ್ತು ಬರುವನೋ ನಾಳೆ ಬರುವನೋ ಎಂದು ಮನೆಮಂದಿ ದಾರಿ ಕಾಯುತ್ತಿರುವ ಹೊತ್ತಿನಲ್ಲಿ ಭಾವನು ಎತ್ತುತ್ತಾನೆ. “ಬೋರ್ಡೋ ಹೊಡೆಸಿದ್ದೀರಷ್ಟೆ?” ಎಂಬ ಪ್ರಶ್ನೆಗೆ ಹಿರಿಯ ಭಾವಮೈದುನನು, “ಆಗಿದೆ ಭಾವಯ್ಯ” ಎಂದಷ್ಟೇ ಉತ್ತರಿಸುತ್ತಾನೆ. “ಸುಣ್ಣ ಕಮ್ಮಿಯಾಗಿರಬೇಕು” ಎಂದು ಭಾವನು ತೀರ್ಪು ಕೊಡುವಾಗ ಅವನ ದೃಷ್ಟಿ ನೆಟ್ಟಿರುವುದು ಅಡಿಕೆ ಮರದ ಮೇಲಲ್ಲ, ಬೈನೆ ಮರದ ಮೇಲೆ.

ಬಲಿಪಾಡ್ಯಮಿಯ ಗೋಪೂಜೆಯಲ್ಲಿ ಮನೆಯವರ ಜಾಣ್ಮೆಯು ಅತ್ಯಂತ ಸ್ಪಷ್ಟವಾಗಿ ವ್ಯಕ್ತವಾಗುತ್ತದೆ. ಅಂದು ದನಗಳ ಮೈ ತೊಳೆದು, ಧಾನ್ಯ ಅಳೆಯುವ ಸಿದ್ದೆಯ ಬಾಯನ್ನು ಬಿಳಿಯ ಜೇಡಿಯಲ್ಲೂ ಕೆಮ್ಮಣ್ಣಿನಲ್ಲೂ ಅದ್ದಿ, ಅವುಗಳ ಮೈಮೇಲೆ ಉಂಗುರದಂತಹ ಅಚ್ಚುಗಳನ್ನು ಒತ್ತಿ, ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂಗಳ ಮಾಲೆ ಕಟ್ಟಿ, ಪೂಜೆ ಮುಗಿದೊಡನೆ ಹೊರಗೆ ಬಿಡುತ್ತಾರೆ. ಓಡುವ ದನದ ಕೊರಳಿನ ಮಾಲೆಯನ್ನು ಕಿತ್ತುಕೊಳ್ಳಲು ಹುಡುಗರು ಬೆನ್ನಟ್ಟುತ್ತಾರೆ. ಈ ಗದ್ದಲದಲ್ಲಿ ಭಾವನು ಎಲ್ಲಿಯೂ ಅಡ್ಡಬಾರದೆಂಬ ಉದ್ದೇಶದಿಂದ ಅವನ ಕೈಗೆ ಒಂದು ಹಗ್ಗವನ್ನು ಕೊಡಲಾಗುತ್ತದೆ. ಅದರ ಇನ್ನೊಂದು ತುದಿಯಲ್ಲಿರುವುದು ಹಗ್ಗವಿಲ್ಲದಿದ್ದರೂ ಕೊಟ್ಟಿಗೆ ಬಿಟ್ಟು ಕದಲದ ಮುದಿ ದನ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮೊಬೈಲು ಹಿಡಿದು, ಅಚ್ಚುಗಳು ಒಂದೇ ಸಾಲಿನಲ್ಲಿ ಬೀಳುತ್ತಿಲ್ಲವೆಂದು ಅವನು ಸೂಚನೆ ಕೊಡುತ್ತಿರುವಾಗ, ಆ ದನವು ಅವನ ಶಾಲಿನ ಅಂಚನ್ನು ನಿಧಾನವಾಗಿ ಬಾಯಿಗೆ ಎಳೆದುಕೊಂಡು ಮೆಲುಕಾಡುತ್ತದೆ. ಬೆಂಗಳೂರಿಗೆ ಮರಳಿದ ಮೇಲೆ, ಹಬ್ಬದಲ್ಲಿ ದನ ಹಿಡಿದವನು ತಾನೇ ಎಂದು ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಹೊರಡುವ ದಿನದ ಉಸ್ತುವಾರಿ ಕಾರಿನ ಡಿಕ್ಕಿಗೆ ಸಂಬಂಧಿಸಿದುದು. “ಇಷ್ಟೆಲ್ಲ ಯಾಕೆ ಅತ್ತೆ!” ಎನ್ನುತ್ತಲೇ ಅವನು ಅಪ್ಪೆಮಿಡಿಯ ಭರಣಿಗೆ ಬಲಭಾಗದಲ್ಲೂ ಕಾಳುಮೆಣಸಿನ ಚೀಲಕ್ಕೆ ಎಡಭಾಗದಲ್ಲೂ ಜಾಗ ಗೊತ್ತುಮಾಡಿ, ಬಾಳೆಗೊನೆಗೆ ಮಕ್ಕಳ ಕಾಲಡಿಯ ಜಾಗವನ್ನು ಮಂಜೂರು ಮಾಡುತ್ತಾನೆ.

ಇಂತಹವನನ್ನು ಪ್ರತಿವರ್ಷ ಕರೆಯುವುದೇಕೆ ಎಂಬ ಪ್ರಶ್ನೆಗೆ ಸಂಪ್ರದಾಯವೊಂದೇ ಸಮಾಧಾನವಾಗಲಾರದು. ತೋಟ ಹಿಸ್ಸೆಯಾದ, ಅಂದರೆ ಪಾಲಾದ, ಮನೆಗಳಲ್ಲಿ ಬಾವಿಯ ನೀರಿಗೋ ಸೊಪ್ಪಿನಬೆಟ್ಟದ ಗಡಿಗೋ ಮುನಿಸಿಕೊಂಡ ಅಣ್ಣತಮ್ಮಂದಿರು ಹಬ್ಬಕ್ಕೆಂದು ಒಂದೇ ಪಂಕ್ತಿಯಲ್ಲಿ ಕುಳಿತರೂ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ಆದರೆ ಭಾವನು ಬೈನೆ ಮರದ ಕಡೆಗೆ ಕೈತೋರಿಸಿ ಸುಣ್ಣದ ಪ್ರಮಾಣವನ್ನು ವಿವರಿಸತೊಡಗಿದಾಗ, ಅವನ ಬೆನ್ನ ಹಿಂದೆ ತಮ್ಮನು ಅಣ್ಣನತ್ತ ಒಮ್ಮೆ ನೋಡುತ್ತಾನೆ, ಅಣ್ಣನು ನಗುವನ್ನು ತಡೆಯಲಾರದೆ ಕೆಮ್ಮುತ್ತಾನೆ, ಸಂಜೆಯ ಹೊತ್ತಿಗೆ ಇಬ್ಬರೂ ಕೊಟ್ಟಿಗೆಯ ಹಿಂದೆ ನಿಂತು ಭಾವನ ದನಿಯನ್ನು ಅಣಕಿಸುತ್ತಿರುತ್ತಾರೆ. ಹಿರಿಯರ ಪಂಚಾಯಿತಿಯಿಂದ ಆಗದ ರಾಜಿಯು ಹೀಗೆ ಸಮಾನ ಕಿರಿಕಿರಿಯಿಂದ ಆಗುತ್ತದೆ. ಭಾವನು ಬಾರದ ವರ್ಷ ಹಬ್ಬದೂಟ ಬೇಗ ಮುಗಿದು, ಎರಡನೆಯ ಸುತ್ತಿನ ಕಾಫಿಗೇ ಹಿಸ್ಸೆಯ ಕಾಗದಪತ್ರಗಳು ಹೊರಬರುತ್ತವೆ. ಆದುದರಿಂದಲೇ ಮಾವನವರು ಆಶ್ವಯುಜ ಮಾಸ ಹುಟ್ಟಿದೊಡನೆ ತಾವೇ ಫೋನು ಮಾಡಿ, “ನೀವು ಬಾರದಿದ್ದರೆ ಇಲ್ಲಿ ಒಂದೂ ಸುಸೂತ್ರವಾಗಿ ನಡೆಯುವುದಿಲ್ಲ” ಎಂದು ಕರೆಯುತ್ತಾರೆ. ಆ ಮಾತು ಅಕ್ಷರಶಃ ಸತ್ಯವೆಂಬುದು ಇಬ್ಬರಿಗೂ ಗೊತ್ತು. ಯಾಕೆ ಸತ್ಯವೆಂಬುದು ಮಾತ್ರ ಮಾವನವರಿಗಷ್ಟೇ ಗೊತ್ತು.